ಇಪ್ಪತ್ತೊಂದು ಜೋಡಿಕಂಬ

ಕಾರ್ಖಾನೆಯ ಹಿಂಬದಿಯ ನೆಲತೊಟ್ಟಿಗೆ ಕೆಸರು ಬಳಿದು ತೆಗೆಯಲು ಇಳಿದ ಇಬ್ಬರು, ಅವರನ್ನು ಎತ್ತಲು ಇಳಿದ ಮೂವರು, ಒಟ್ಟು ಐದು ಜನ ಬುಧವಾರ ಮಧ್ಯಾಹ್ನ ಹನ್ನೆರಡೂವರೆಯೊಳಗೆ ವಿಷಗಾಳಿಗೆ ಸತ್ತರು. ಅದೇ ದಿನ ನಾಲ್ಕು ಗಂಟೆಗೆ ಸಿಬ್ಬಂದಿ ಪಟ್ಟಿಯಲ್ಲಿ ಆ ಐದೂ ಹೆಸರುಗಳ ಮುಂದೆ ನಕ್ಷತ್ರ ಬಿತ್ತು. ನಕ್ಷತ್ರ ಎಂದರೆ ತಾವಾಗಿ ಕೆಲಸ ಬಿಟ್ಟವರು. ಪಟ್ಟಿಯ ನೆತ್ತಿಯ ಮೇಲೆ ಮಂಗಳವಾರದ ತಾರೀಖಿತ್ತು.

ನಕ್ಷತ್ರ ಹಾಕಿದವಳು ಸಿಬ್ಬಂದಿ ವಿಭಾಗದ ಟೈಪಿಸ್ಟ್. ತೊಟ್ಟಿಗೆ ಮೂರನೆಯವನಾಗಿ ಇಳಿದವನು ಅವಳ ಮೈದುನ.

ತಗಡಿಗೆ ಲೇಪ ಕೊಡುವ ಆ ಕಾರ್ಖಾನೆಯಲ್ಲಿ ಪಟ್ಟಿಯಿಂದ ಯಾರ ಹೆಸರನ್ನೂ ಅಳಿಸುವುದಿಲ್ಲ. ಬಾಗಿಲು ತೆರೆದ ದಿನದಿಂದ ಇಂದಿನವರೆಗೆ ಒಳಗೆ ಕಾಲಿಟ್ಟವರೆಲ್ಲ ಸಾಲಾಗಿ ಅದರಲ್ಲಿದ್ದಾರೆ. ಒಬ್ಬರಿಗೆ ಒಂದು ನಂಬರು. ಅವರು ಹೋದ ಮೇಲೂ ಆ ನಂಬರು ಇನ್ನೊಬ್ಬರಿಗೆ ಸಿಗುವುದಿಲ್ಲ. ಹೇಗೆ ಹೋದರು ಎಂಬುದನ್ನು ಮಾತ್ರ ಹೆಸರಿನ ಮುಂದಿನ ಒಂದು ಗುರುತು ಹೇಳುತ್ತದೆ. 'ಸತ್ತರು' ಎಂಬ ಪದ ಪಟ್ಟಿಯಲ್ಲಿ ಬರಕೂಡದೆಂದು ಮೊದಲ ಮಾಲೀಕ ಕಟ್ಟುಮಾಡಿದ್ದನಂತೆ. ತಿಂಗಳಿಗೊಮ್ಮೆ ಅಂಗಳದ ಗಾಜಿನ ಪೆಟ್ಟಿಗೆಯಲ್ಲಿ ತೂಗುವ ಕಾಗದ, ಅದರಲ್ಲಿ ಸಾವಿನ ಮಾತು ಕಂಡರೆ ಕೆಲಸಗಾರರ ಕೈ ನಡುಗುತ್ತದೆ, ಕೈ ನಡುಗಿದರೆ ಲೇಪ ದಪ್ಪವಾಗುತ್ತದೆ ಎಂಬುದು ಅವನ ಲೆಕ್ಕ. ಹಾಗಾಗಿ ಕೆಲಸ ಬಿಟ್ಟವರಿಗೆ *, ಮನೆಯಲ್ಲೋ ಆಸ್ಪತ್ರೆಯಲ್ಲೋ ಸತ್ತವರಿಗೆ †, ಕಾರ್ಖಾನೆಯ ಗೋಡೆಯೊಳಗೆ ಸತ್ತವರಿಗೆ ‡. ಕೆಲಸಗಾರರು ಇವುಗಳಿಗೂ ಹೆಸರಿಟ್ಟಿದ್ದರು. ಚುಕ್ಕಿ, ಕಂಬ, ಜೋಡಿಕಂಬ. 'ಅವನಿಗೆ ಕಂಬ ಬಿತ್ತು' ಎಂದರೆ ಮುಂದೆ ಏನೂ ಕೇಳಬೇಕಿರಲಿಲ್ಲ. 'ಬೀದಿಗೊಂದು ಕಂಬ ಹಾಕಿ ಅಂದ್ರೆ ಹಾಕಲ್ಲ, ನಮ್ಮ ಹೆಸರಿಗೆ ಎರಡೆರಡು ಹಾಕ್ತಾರೆ' ಎಂದು ಲೇಪದ ಶೆಡ್ಡಿನವರು ನಗುತ್ತಿದ್ದರು. ಹಾಗೆ ನಕ್ಕವರಲ್ಲಿ ಒಬ್ಬ ಆ ಬುಧವಾರ ತೊಟ್ಟಿಯಲ್ಲಿದ್ದ.

ಕಂಬಗಳು ಕೀಬೋರ್ಡಿನ ಮೇಲೆ ಎಲ್ಲೂ ಅಚ್ಚಾಗಿರುವುದಿಲ್ಲ. ಆಲ್ಟ್ ಕೀಯನ್ನು ಒತ್ತಿ ಹಿಡಿದು ಬಲಗಡೆಯ ನಂಬರ್ ಪ್ಯಾಡಿನಲ್ಲಿ 0134 ಒತ್ತಿದರೆ ಕಂಬ, 0135 ಒತ್ತಿದರೆ ಜೋಡಿಕಂಬ. ಉಷ್ಣತೆಯ ಪುಟ್ಟ ಸೊನ್ನೆಗೆ 0176, ಕಾಯಿದೆಯ ಕಲಮಿನ ಗುರುತಿಗೆ 0167. ಟೈಪಿಸ್ಟಿಗೆ ಇಂಥವು ನಲವತ್ತಾದರೂ ಬಾಯಿಪಾಠ ಬರುತ್ತಿದ್ದವು. ಶೆಡ್ಡುಗಳಿಂದ ಬರುವ ಚೀಟಿಗಳಲ್ಲೂ ಮೇಸ್ತ್ರಿಗಳು ಸುದ್ದಿ ಬರೆಯುತ್ತಿರಲಿಲ್ಲ, ಕೋಡ್ ಬರೆಯುತ್ತಿದ್ದರು. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಕೋಡಕ್ಕ. 'ಹೆಸರಲ್ಲೇ ಕೋಡಿದೆ, ತಲೆ ಮೇಲೆ ಮಾತ್ರ ಇಲ್ಲ' ಎಂದು ಮೈದುನ ಮನೆಯಲ್ಲಿ ರೇಗಿಸುತ್ತಿದ್ದ. ಎರಡು ವರ್ಷದ ಹಿಂದೆ ಕಚೇರಿಗೆಲ್ಲ ಲ್ಯಾಪ್‌ಟಾಪ್ ಬಂದಾಗ ಅವಳು ಬೇಡವೆಂದಳು. ಅವುಗಳಲ್ಲಿ ನಂಬರ್ ಪ್ಯಾಡ್ ಇರಲಿಲ್ಲ. ಮೇಲಿನ ಸಾಲಿನ ಅಂಕಿಗಳನ್ನು ಎಷ್ಟು ಕುಟ್ಟಿದರೂ ಕಂಬ ಬೀಳುವುದಿಲ್ಲ. ಅಂಚು ಹಳದಿಗಟ್ಟಿದ ಹಳೆಯ ಕಂಪ್ಯೂಟರು, ಅದರೊಳಗೆ ಬಣ್ಣವಿಲ್ಲದ, ಗೆರೆಯಿಲ್ಲದ, ಬರಿಯ ಅಕ್ಷರಗಳ ಒಂದು ಉದ್ದನೆಯ ಟೆಕ್ಸ್ಟ್ ಫೈಲು, ಅದೇ ಪಟ್ಟಿ. ಸಾವಿರದ ಇನ್ನೂರು ಸಾಲು.

ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ತವರಿಗೆ ಹೋಗಲು ತವರಿರಲಿಲ್ಲ. ಆಗ, 'ಅತ್ತಿಗೆ, ಇದು ನಿಮ್ಮನೆ, ಎಲ್ಲಿಗೆ ಹೋಗ್ತೀರಿ' ಎಂದು ಅವಳ ಪೆಟ್ಟಿಗೆಯನ್ನು ಬಾಗಿಲಿಂದ ಒಳಗಿಟ್ಟವನು ಮೈದುನ. ಆಗ ಅವನಿಗೆ ಕೆಲಸವಿರಲಿಲ್ಲ. ಅವನನ್ನು ಕಾರ್ಖಾನೆಗೆ ಸೇರಿಸಿದವಳು ಅವಳೇ, ಪಟ್ಟಿಯ ಸಾವಿರದ ನಲವತ್ತೆಂಟನೆಯ ಸಾಲಿನಲ್ಲಿ ಅವನ ಹೆಸರನ್ನು ಟೈಪ್ ಮಾಡಿದವಳೂ ಅವಳೇ.

ಬುಧವಾರ ಒಂದು ಗಂಟೆಯ ಸುಮಾರಿಗೆ ಶೆಡ್ಡಿನಿಂದ ಚೀಟಿ ಬಂತು. ಐದು ನಂಬರು, ಪ್ರತಿಯೊಂದರ ಮುಂದೆ 0135. ಮೇಸ್ತ್ರಿಯ ಕೈ ಒದ್ದೆಯಾಗಿತ್ತೇನೋ, ಶಾಯಿ ಹರಡಿತ್ತು. ಅಂಗಳದಲ್ಲಿ ಕೂಗಾಟ ಕೇಳುತ್ತಿತ್ತು, ಆದರೆ ಏನೆಂದು ಮೇಲ್ಮಹಡಿಗೆ ತಿಳಿದಿರಲಿಲ್ಲ. ಅವಳು ನಂಬರುಗಳನ್ನು ನೋಡುತ್ತ ಒಂದೊಂದೇ ಸಾಲಿಗೆ ಹೋಗಿ ಗುರುತು ಹಾಕಿದಳು. ಇಪ್ಪತ್ತು ವರ್ಷದ ಕೈ. ನಾಲ್ಕನೆಯದು 1048. ಕಣ್ಣು ಅದನ್ನು ಗುರುತಿಸುವ ಹೊತ್ತಿಗೆ ಕೈ ಕೆಲಸ ಮುಗಿಸಿತ್ತು. ಅಳು ಆಮೇಲೆ ಬಂತು. ಮೊದಲು ಗುರುತು ಬಿತ್ತು.

ಮೂರೂವರೆಗೆ ಮ್ಯಾನೇಜರ್ ಅವಳ ಮೇಜಿನ ಹಿಂದೆ ಬಂದು ನಿಂತ.

"ಏನಮ್ಮ, ಆ ಐದು ಜನಕ್ಕೆ ಏನು ಹಾಕಿದ್ದೀಯ?"

"ಜೋಡಿಕಂಬ ಸರ್."

"ಯಾರು ಹೇಳಿದ್ರು?"

"ಶೆಡ್ಡಿಂದ ಚೀಟಿ ಬಂತು."

"ಚೀಟಿ ಇಲ್ಲಿ ಕೊಡು." ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿದ. "ಈಗ ತಪಾಸಣೆಯವರು ಬರ್ತಾರೆ. ಬಂದ ತಕ್ಷಣ ಕೇಳೋದು ಈ ಪಟ್ಟೀನೇ. ಸದ್ಯಕ್ಕೆ ಚುಕ್ಕಿ ಮಾಡು. ತಾರೀಖು ನಿನ್ನೇದು ಹಾಕು."

ಅವಳು ತಿರುಗಿ ನೋಡಿದಳು.

"ಹಾಗೆ ನೋಡಬೇಡ. ನಿನ್ನ ಮೈದುನನೂ ಇದ್ದಾನೆ, ಗೊತ್ತು. ನಂಗೇನು ಕರುಳಿಲ್ವಾ? ತನಿಖೆ ಮುಗಿಯೋ ತನಕ ಅಷ್ಟೇ. ಜೋಡಿಕಂಬ ಕಂಡರೆ ಇವತ್ತೇ ಬೀಗ ಹಾಕ್ತಾರೆ. ಬೀಗ ಬಿದ್ರೆ ಉಳಿದ ನಾನೂರು ಮನೆ ಗತಿ ಏನು? ಆಮೇಲೆ ಕೂತು ಎಲ್ಲ ಸರಿ ಮಾಡೋಣ. ಬೇಗ. ಗೇಟಲ್ಲಿ ಕಾರು ನಿಂತಿದೆ."

ಬೆಂದ ಮನೆಯಲ್ಲಿ ಗಳ ಹಿರಿಯುವವರು ಯಾವಾಗಲೂ ಉಳಿದ ಮನೆಗಳ ಹೆಸರು ಹೇಳಿಯೇ ಹಿರಿಯುತ್ತಾರೆ.

ಐದು ಸಾಲಿಗೂ ಹೋಗಿ ಐದು ಗುರುತನ್ನು ತಿದ್ದುವುದು ಒಂದು ನಿಮಿಷದ ಕೆಲಸ. ಆದರೆ ಸಾವಿರದ ನಲವತ್ತೆಂಟನೆಯ ಸಾಲಿಗೆ ಇನ್ನೊಮ್ಮೆ ಹೋಗಲು, ಆ ಹೆಸರಿನ ಪಕ್ಕ ಕರ್ಸರ್ ಮಿಣುಕುವುದನ್ನು ನೋಡಲು ಅವಳಿಂದಾಗಲಿಲ್ಲ. ಅಲ್ಲಿಗೆ ಹೋಗದೆಯೇ ಅದು ಬದಲಾಗಬೇಕಿತ್ತು. ಅವಳು ಹುಡುಕುವ ಪೆಟ್ಟಿಗೆ ತೆರೆದು ಮೇಲಿನ ಮನೆಯಲ್ಲಿ ಜೋಡಿಕಂಬ, ಕೆಳಗಿನ ಮನೆಯಲ್ಲಿ ನಕ್ಷತ್ರ ಹಾಕಿ 'ರಿಪ್ಲೇಸ್ ಆಲ್' ಒತ್ತಿದಳು. ಎಷ್ಟು ಕಡೆ ಬದಲಾಯಿತೆಂದು ಒಂದು ಚಿಕ್ಕ ಕಿಟಕಿ ಮೂಡಿತು. ಓದದೆ ಎಂಟರ್ ಒತ್ತಿದಳು. ಫೈಲು ಉಳಿಸಿ, ಮುದ್ರಿಸಿ, ಮುಚ್ಚಿದಳು. ಮ್ಯಾನೇಜರ್ ಬಿಸಿಯಾರದ ಕಾಗದಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ.

ಮಾರನೆಯ ದಿನ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂದವು. ಕೆಲಸ ಬಿಟ್ಟ ಐವರು ಊಟದ ಬಿಡುವಿನಲ್ಲಿ ಕಾರ್ಖಾನೆಗೆ ನುಗ್ಗಿ, ತೊಟ್ಟಿಯ ತಾಮ್ರದ ಕೊಳವೆ ಕದಿಯಲು ಇಳಿದು ಪ್ರಾಣ ಕಳೆದುಕೊಂಡಿದ್ದರು. ಪಟ್ಟಿಯೇ ಹಾಗೆ ಹೇಳುತ್ತಿತ್ತು. ಮಂಗಳವಾರವೇ ಕೆಲಸ ಬಿಟ್ಟವರಿಗೆ ಬುಧವಾರ ಒಳಗೇನು ಕೆಲಸ?

ಹೆಣ ಮನೆಗೆ ಬಂದ ದಿನವೇ ಪೊಲೀಸರೂ ಬಂದರು. ಮಂಚದ ಕೆಳಗೆ ಲಾಠಿ ಆಡಿಸಿದರು, ಅಡುಗೆಮನೆಯ ಡಬ್ಬಗಳನ್ನು ಬೋರಲು ಹಾಕಿದರು. ಮೈದುನನ ಮೂರು ಸ್ಪ್ಯಾನರು, ಒಂದು ಸುರುಳಿ ತಂತಿ ಸಿಕ್ಕವು. ಅವನ್ನು ಚೀಲಕ್ಕೆ ಹಾಕಿ ಬಾಯಿ ಹೊಲಿದು ಅರಗಿನ ಮುದ್ರೆ ಒತ್ತಿದರು. ಎದುರು ಮನೆಯವರು ಕಿಟಕಿಯ ಪರದೆ ಸರಿಸಿಕೊಂಡೇ ನೋಡಿದರು. ಮರುವಾರದಿಂದ ಮೈದುನನ ಮಗಳು ಶಾಲೆಗೆ ಹೋಗುವುದನ್ನು ಬಿಟ್ಟಳು. ಯಾಕೆಂದು ಹೇಳಲಿಲ್ಲ. ಕೇಳುವ ಧೈರ್ಯ ಇಬ್ಬರು ಹೆಂಗಸರಿಗೂ ಇರಲಿಲ್ಲ.

ಓರಗಿತ್ತಿ ಅಳುವವಳಲ್ಲ. ಒಂದೇ ಮಾತನ್ನು ತಿರುವಿ ತಿರುವಿ ಕೇಳುವವಳು.

"ಅಕ್ಕಾ, ಅವತ್ತು ಬೆಳಿಗ್ಗೆ ಊಟದ ಡಬ್ಬಿ ಕಟ್ಟಿ ಕೊಟ್ಟಿದ್ದು ನಾನು. ಕದಿಯೋಕೆ ಹೋಗೋನು ಡಬ್ಬಿ ಕಟ್ಟಿಸ್ಕೊಂಡು ಹೋಗ್ತಾನಾ?"

"ಇಲ್ಲ."

"ಕೆಲಸ ಬಿಟ್ಟೋನು ಯೂನಿಫಾರ್ಮ್ ಇಸ್ತ್ರಿ ಮಾಡು ಅಂತಾನಾ?"

"ಇಲ್ಲ ಕಣೇ."

"ಮತ್ತೆ ಆ ಪಟ್ಟಿ ಯಾರು ಮಾಡೋದು? ನೀವು ಅಲ್ಲೇ ಕೂತಿರ್ತೀರಲ್ಲ, ನಿಮಗೆ ಗೊತ್ತಿರುತ್ತೆ."

ಟೈಪಿಸ್ಟ್ ಕೈಯಲ್ಲಿದ್ದ ಲೋಟವನ್ನು ಇನ್ನೊಮ್ಮೆ ತೊಳೆದಳು. "ಮೇಲಿಂದ ಬರುತ್ತೆ," ಎಂದಳು.

"ಮೇಲಿಂದ ಅಂದ್ರೆ?"

"ಮೇಲಿಂದ ಅಂದ್ರೆ ಮೇಲಿಂದ. ತನಿಖೆ ಮುಗಿದ ಮೇಲೆ ಸರಿ ಮಾಡ್ತಾರಂತೆ."

ಆ ಒಂದು ಮಾತನ್ನು ಅವಳು ತಾನೂ ನಂಬಿದ್ದಳು. ನಂಬದೆ ಬೇರೆ ದಾರಿ ಇರಲಿಲ್ಲ. ದಿನಾ ಬೆಳಿಗ್ಗೆ ಮ್ಯಾನೇಜರನ ಮುಖ ನೋಡುತ್ತಿದ್ದಳು, ಅವನು ನಮಸ್ಕಾರಕ್ಕೆ ತಲೆಯಾಡಿಸಿ ಕ್ಯಾಬಿನ್ ಬಾಗಿಲು ಹಾಕಿಕೊಳ್ಳುತ್ತಿದ್ದ.

ತಿಂಗಳು ಮುಗಿಯಿತು. ವಾಡಿಕೆಯಂತೆ ಪಟ್ಟಿ ಗಾಜಿನ ಪೆಟ್ಟಿಗೆಗೆ ಹೋಯಿತು. ಅರ್ಧ ಗಂಟೆಯೊಳಗೆ ಗೇಟಿನಕ್ಕ ಮೆಟ್ಟಿಲು ಹತ್ತಿ ಬಂದಳು. ಗೇಟಿನಲ್ಲಿ ಒಳಹೋಗುವವರ ಚೀಲ ತಡಕುವ ಹೆಂಗಸು, ಐವತ್ತರ ಮೇಲಾದವಳು. ಹನ್ನೊಂದು ವರ್ಷದ ಹಿಂದೆ ಬಾಯ್ಲರ್ ಸಿಡಿದು ಗಂಡ ಸತ್ತಾಗ ಅವನ ಬದಲಿಗೆ ಅವಳಿಗೆ ಆ ಸ್ಟೂಲು ಕೊಟ್ಟಿದ್ದರು. ಪ್ರತಿ ತಿಂಗಳೂ ಹೊಸ ಪಟ್ಟಿ ಬಿದ್ದಾಗ ಗಾಜಿನ ಮೇಲೆ ಬೆರಳಿಟ್ಟು ಮುನ್ನೂರ ಹನ್ನೆರಡನೆಯ ಸಾಲನ್ನು ಹುಡುಕುವುದು ಅವಳ ಅಭ್ಯಾಸ. ಓದು ಬಾರದಿದ್ದರೂ ಆ ನಂಬರೂ ಅದರ ಮುಂದಿನ ಗುರುತೂ ಅವಳಿಗೆ ಗೊತ್ತು.

ಅವಳು ಮೇಜಿನ ಮುಂದಿನ ಕುರ್ಚಿ ಎಳೆದುಕೊಂಡು ಕೂತಳು.

"ಕೋಡಕ್ಕ, ನನ್ನ ಗಂಡ ಕೆಲಸ ಬಿಟ್ಟು ಹೋದನಂತಲ್ಲ. ಎಲ್ಲಿಗೆ ಹೋದ?"

"ಏನು?"

"ಚುಕ್ಕಿ ಹಾಕಿದ್ದೀರಿ. ಹನ್ನೊಂದು ವರ್ಷ ಆಯ್ತು, ನಾನು ಸತ್ತ ಅಂತ ಸುಮ್ಮನಿದ್ದೆ. ಹೋಗೋನು ನಂಗೊಂದು ಮಾತು ಹೇಳಬಾರದಾ? ಹುಡುಕ್ಕೊಂಡಾದ್ರೂ ಹೋಗ್ತಿದ್ದೆ. ಬಾಯ್ಲರ್ ಮನೆ ಗೋಡೆಯಿಂದ ಕೆರೆದು ತೆಗೆದು ಬಟ್ಟೇಲಿ ಕಟ್ಟಿ ಕೊಟ್ರಲ್ಲ, ಅದು ಮತ್ತೆ ಯಾರದು?"

ಟೈಪಿಸ್ಟ್ ಫೈಲು ತೆರೆದಳು. ಮುನ್ನೂರ ಹನ್ನೆರಡರಲ್ಲಿ ನಕ್ಷತ್ರವಿತ್ತು. ಹುಡುಕುವ ಪೆಟ್ಟಿಗೆಯಲ್ಲಿ 0135 ಹಾಕಿ ನೋಡಿದಳು. ಇಡೀ ಪಟ್ಟಿಯಲ್ಲಿ ಒಂದೇ ಒಂದು ಜೋಡಿಕಂಬ ಸಿಗಲಿಲ್ಲ. ಕಪಾಟಿನಿಂದ ಹಳೆಯ ತಿಂಗಳ ಮುದ್ರಿತ ಪ್ರತಿ ಎಳೆದು ಬೆರಳಿಟ್ಟು ಎಣಿಸಿದಳು. ಹದಿನಾರು. ಬಾಯ್ಲರಿನ ನಾಲ್ವರು, ಕ್ರೇನ್ ಕಳಚಿ ಬಿದ್ದಾಗಿನ ಇಬ್ಬರು, ಆ್ಯಸಿಡ್ ಮನೆಯಲ್ಲಿ ಒಬ್ಬೊಬ್ಬರಾಗಿ ಹೋದ ಒಂಬತ್ತು ಜನ, ಚಾವಣಿಯಿಂದ ಜಾರಿದವನು. ಅವಳು ಎಂಟರ್ ಒತ್ತಿ ಓಡಿಸಿದ ಆ ಚಿಕ್ಕ ಕಿಟಕಿಯಲ್ಲಿ ಇಪ್ಪತ್ತೊಂದು ಎಂದು ಬರೆದಿತ್ತು.

"ನಾನೇ," ಎಂದಳು. "ಒಂದೇ ಏಟಿಗೆ ಬದಲಾಯಿಸಿದೆ. ಎಲ್ಲರದೂ ಹೋಯ್ತು."

"ಎಲ್ಲರದೂ ಅಂದ್ರೆ?"

"ಒಳಗೆ ಸತ್ತೋರದ್ದೆಲ್ಲ. ಐದು ಜನರದ್ದು ಬದಲಾಯಿಸಬೇಕಿತ್ತು. ಹದಿನಾರು ಜನ ಜೊತೆಗೆ ಹೋದ್ರು."

ಗೇಟಿನಕ್ಕ ಅವಳ ಕೈಗಳನ್ನೇ ನೋಡಿದಳು. "ಐದು ಜನರದ್ದು ಬದಲಾಯಿಸಬೇಕಿತ್ತಾ? ಯಾಕೆ ಬೇಕಿತ್ತು?"

ಟೈಪಿಸ್ಟ್ ಕ್ಯಾಬಿನ್ನಿನ ಕಡೆ ಕಣ್ಣು ಹಾಯಿಸಿದಳು.

"ಅವನು ಹೇಳಿದ್ದು ಗೊತ್ತಾಯ್ತು. ಒತ್ತಿದ್ದು ನೀನು."

"ಹೂಂ."

"ನಿನ್ನ ಮೈದುನಂಗೂ."

"ಹೂಂ."

"ಥೂ ಅಂತ ಉಗೀಬೇಕು ಅನ್ನಿಸುತ್ತೆ. ಆದ್ರೆ ಎಲ್ಲಿ ಉಗೀಲಿ, ನಿನ್ನ ಮುಖ ನೋಡಿದ್ರೆ ಆಗ್ಲೇ ಯಾರೋ ಉಗಿದ ಹಾಗಿದೆ." ಅವಳು ಎದ್ದಳು. "ನಾನು ಬಾಯಿ ಮುಚ್ಕೊಂಡು ಇರಲ್ಲ, ಮೊದ್ಲೇ ಹೇಳಿದ್ದೀನಿ."

ಬಾಯಿ ಮುಚ್ಚಿಕೊಳ್ಳಲಿಲ್ಲ. ಸಂಜೆಯ ಪಾಳಿ ಬದಲಾಗುವಾಗ ಗಾಜಿನ ಪೆಟ್ಟಿಗೆಯ ಮುಂದೆ ಜನ ಕಿಕ್ಕಿರಿದಿದ್ದರು. ಯಾರೋ ಓದಿ ಹೇಳುತ್ತಿದ್ದರು, ಉಳಿದವರು ತಮ್ಮ ತಮ್ಮ ಸತ್ತವರ ನಂಬರು ಕೂಗುತ್ತಿದ್ದರು. ಪ್ರತಿ ನಂಬರಿಗೂ 'ಚುಕ್ಕಿ' ಎಂಬ ಉತ್ತರ ಬರುತ್ತಿತ್ತು. ತೊಟ್ಟಿಯ ಐವರ ಸುದ್ದಿಗೆ ಹತ್ತು ದಿನದಿಂದ 'ನಮಗ್ಯಾಕೆ ಬಿಡು, ಕದಿಯೋಕೆ ಹೋಗಿದ್ರೇನೋ' ಎಂದು ಗೊಣಗಿಕೊಂಡಿದ್ದವರೇ ಈಗ ತಮ್ಮ ಅಪ್ಪ, ಅಣ್ಣ, ಗಂಡ ಹಾಗೆಯೇ ಓಡಿಹೋದದ್ದನ್ನು ಕೇಳಿಸಿಕೊಂಡರು. ತಮ್ಮ ಮನೆಯ ಹೆಂಚು ಬಿಸಿಯಾಗುವವರೆಗೆ ಪಕ್ಕದ ಮನೆಯ ಬೆಂಕಿ ಬರಿಯ ಬೆಳಕು.

ಟೈಪಿಸ್ಟ್ ಮನೆ ಸೇರುವ ಮುಂಚೆ ಸುದ್ದಿ ಸೇರಿತ್ತು. ಓರಗಿತ್ತಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಮೇಲಿಂದ ಬಂತು ಅಂದ್ರಿ."

"ಹೂಂ. ಅಂದೆ."

"ಹತ್ತು ದಿನ ಪಕ್ಕದಲ್ಲೇ ಮಲಗಿದ್ರಿ ಅಕ್ಕಾ. ನಾನು ಯಾರನ್ನ ಶಪಿಸ್ತಾ ಇದ್ದೆ, ನೀವು ಕೇಳಿಸ್ಕೊಂಡೇ ಇದ್ರಿ."

"ಕೇಳಿಸ್ಕೊಂಡೆ."

"ಯಾರಿಗೆ ಅಂತ ಗೊತ್ತಿಲ್ದೆ ಶಪಿಸಿದ್ದು ತಟ್ಟಲ್ಲ ಬಿಡಿ." ಓರಗಿತ್ತಿ ಒಂದು ಕಲ್ಲನ್ನು ತೆಗೆದು ಬಾಗಿಲಾಚೆ ಎಸೆದಳು. "ಈಗ ಗೊತ್ತಾಯ್ತು, ಬಾಯಿ ಬರ್ತಿಲ್ಲ. ಅವರಿದ್ದಾಗ ಹೇಳ್ತಿದ್ರು, ಅತ್ತಿಗೆ ಕೈಲಿ ಒಂದು ತಪ್ಪು ಬೀಳಲ್ಲ ಅಂತ. ನಮ್ಮ ಮೇಸ್ತ್ರಿನೇ ಹೆದರ್ತಾನೆ ಅಂತ. ಹೆಮ್ಮೆ ಇತ್ತು ಅವರಿಗೆ."

ಟೈಪಿಸ್ಟ್ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು. ಕ್ಷಮೆಯ ಮಾತೊಂದು ಗಂಟಲವರೆಗೆ ಬಂತು. ಅಷ್ಟು ಚಿಕ್ಕ ಮಾತನ್ನು ಅಲ್ಲಿ ಇಡಲು ನಾಚಿಕೆಯಾಗಿ ನುಂಗಿದಳು.

"ಹೋಗು ಅನ್ನಲ್ಲ ನಿಮ್ಮನ್ನ," ಎಂದಳು ಓರಗಿತ್ತಿ. "ಅವರು ಒಳಗಿಟ್ಟ ಪೆಟ್ಟಿಗೆ, ನಾನು ಹೊರಗಿಡಲ್ಲ. ಆದ್ರೆ ನನ್ನ ಮಗಳಿಗೆ ಅವಳಪ್ಪ ಕಳ್ಳ ಅಲ್ಲ ಅಂತ ನೀವೇ ಹೇಳಬೇಕು. ಬರಿ ಬಾಯಲ್ಲಿ ಹೇಳಿದ್ರೆ ಅವಳು ನಂಬಲ್ಲ. ಗಾಜಿನ ಪೆಟ್ಟಿಗೇಲಿ ತೋರಿಸಿ. ಅಲ್ಲೀವರೆಗೆ ನಿಮ್ಮ ತಟ್ಟೆ ನೀವೇ ತೊಳ್ಕೊಳ್ಳಿ."

ಮರುದಿನ ಬೆಳಿಗ್ಗೆಯ ಪಾಳಿ ಒಳಗೆ ಹೋಗಲಿಲ್ಲ. ಅಂಗಳದಲ್ಲಿ ಕೂತಿತು. ಘೋಷಣೆ ಇರಲಿಲ್ಲ, ಬಾವುಟವಿರಲಿಲ್ಲ. ಗೇಟಿನಕ್ಕ ತನ್ನ ಸ್ಟೂಲನ್ನು ತಂದು ಗಾಜಿನ ಪೆಟ್ಟಿಗೆಯ ಮುಂದಿಟ್ಟುಕೊಂಡು ಕೂತಿದ್ದಳು. ಯಾರ ಚೀಲವನ್ನೂ ತಡಕುವವರಿಲ್ಲದೆ ಗೇಟು ಹಾರುಹೊಡೆದಿತ್ತು, ಹಿಂದೆ ಸತ್ತವರ ಮನೆಯವರೂ ಒಳಗೆ ಬಂದು ಕೂತಿದ್ದರು. ಲೇಪದ ತೊಟ್ಟಿಗಳು ತಣ್ಣಗಾಗುತ್ತಿದ್ದವು. ತಣ್ಣಗಾದರೆ ಮತ್ತೆ ಕಾಯಿಸಲು ಒಂದೂವರೆ ದಿನ ಬೇಕು. ಇದನ್ನು ಮ್ಯಾನೇಜರನಿಗೆ ಯಾರೂ ಹೇಳಬೇಕಿರಲಿಲ್ಲ.

ಅವನು ಮೊದಲು ತನ್ನ ಲ್ಯಾಪ್‌ಟಾಪಿನಲ್ಲೇ ಪಟ್ಟಿಯನ್ನು ತೆರೆದು ನೋಡಿದ. ಟೈಪಿಸ್ಟ್ ಗಾಜಿನ ಗೋಡೆಯಾಚೆಯಿಂದ ನೋಡುತ್ತಿದ್ದಳು. ಎಡಗೈಯಲ್ಲಿ ಆಲ್ಟ್ ಹಿಡಿದು ಬಲಗೈ ತೋರುಬೆರಳಿನಿಂದ ಮೇಲಿನ ಸಾಲಿನ ಅಂಕಿಗಳನ್ನು ಕುಟ್ಟಿದ. ಏನೇನೋ ಮೆನು ತೆರೆದುಕೊಂಡವು. ಮುಚ್ಚಿದ. ಮತ್ತೆ ಕುಟ್ಟಿದ. ನಕಲು ಮಾಡಿ ಅಂಟಿಸೋಣವೆಂದರೆ ಪಟ್ಟಿಯಲ್ಲಿ ಎತ್ತಿಕೊಳ್ಳಲು ಒಂದು ಜೋಡಿಕಂಬವೂ ಉಳಿದಿರಲಿಲ್ಲ. ಹತ್ತು ನಿಮಿಷದ ನಂತರ ಬಾಗಿಲು ತೆರೆದು ಅವಳ ಮೇಜಿಗೆ ಬಂದ. ಕೈಯಲ್ಲಿ ಹಳೆಯ ತಿಂಗಳ ಮುದ್ರಿತ ಪ್ರತಿ. ಹದಿನಾರು ಹೆಸರುಗಳ ಸುತ್ತ ಕೆಂಪು ಶಾಯಿಯ ಸುತ್ತು.

"ನೋಡಮ್ಮ, ನಿನ್ನ ತಪ್ಪಿಂದ ಏನಾಯ್ತು ನೋಡು. ಕಿಟಕಿ ಹತ್ರ ಹೋಗಿ ನೋಡು."

"ನೋಡಿದೆ ಸರ್."

"ಐದು ಜನಕ್ಕೆ ಮಾಡು ಅಂದ್ರೆ ಊರಿಗೇ ಮಾಡಿಟ್ಟಿದ್ದೀಯ. ಇರಲಿ, ಬೈಯಲ್ಲ. ಈ ಹದಿನಾರೂ ವಾಪಸ್ ಹಾಕು. ಈಗಲೇ. ಮುದ್ರಿಸಿ ನಾನೇ ಕೆಳಗೆ ತಗೊಂಡು ಹೋಗಿ ಅಂಟಿಸ್ತೀನಿ, ಟೈಪಿಂಗ್ ತಪ್ಪಾಗಿತ್ತು ಅಂತ ಹೇಳ್ತೀನಿ."

"ಐದು?"

"ಯಾವ ಐದು?"

ಮ್ಯಾನೇಜರ್ ಪಕ್ಕದ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದ.

"ಕೆಳಗೆ ಕೂತಿರೋರು ಈ ಹದಿನಾರು ಹಳಬರ ಕಡೆಯೋರು. ಅವರದ್ದು ಅವರಿಗೆ ಕೊಟ್ಟುಬಿಟ್ರೆ ಎದ್ದು ಒಳಗೆ ಹೋಗ್ತಾರೆ. ಆ ಐದು ಜನಕ್ಕೆ ಅಲ್ಲಿ ಯಾರೂ ಕೂತಿಲ್ಲ."

"ತನಿಖೆ ಮುಗಿದ ಮೇಲೆ ಸರಿ ಮಾಡೋಣ ಅಂದಿದ್ರಿ."

"ತನಿಖೆ ಮುಗೀತು. ವರದಿ ಹೋಯ್ತು. ವರದಿಗೆ ಪಟ್ಟೀನ ಹೊಲಿದು ಕಳಿಸಿದ್ದಾರೆ. ಈಗ ಆ ಐದನ್ನ ಮುಟ್ಟಿದ್ರೆ ಏನಾಗುತ್ತೆ ಗೊತ್ತಾ? ಮೊದ್ಲು ಚುಕ್ಕಿ ಹಾಕಿದ್ದು ಯಾರು ಅಂತ ಕೇಳ್ತಾರೆ. ನಾನು ಹಾಕಿದ್ನಾ? ನನ್ನ ಕೈಲಿ ಒಂದು ಕಂಬ ಹಾಕೋಕೂ ಬರಲ್ಲ, ಈಗ ನೀನೇ ನೋಡ್ತಿದ್ದೆಯಲ್ಲ. ಸರ್ಕಾರಿ ತಪಾಸಣೆಗೆ ಸುಳ್ಳು ಕಾಗದ ಕೊಟ್ಟೋಳು ನೀನಾಗ್ತೀಯ. ಒಳಗೆ ಕೂರ್ತೀಯ. ಆ ಮನೇಲಿ ನಿನ್ನ ಓರಗಿತ್ತಿ, ಆ ಮಗು, ಇಬ್ಬರೇ. ಯೋಚನೆ ಮಾಡು."

"ಮಾಡಿದ್ದೀನಿ ಸರ್. ರಾತ್ರಿಯೆಲ್ಲ ಅದೇ ಕೆಲಸ ಇತ್ತು."

"ಮತ್ತೆ? ಸತ್ತೋರು ವಾಪಸ್ ಬರ್ತಾರಾ? ಒಂದು ಗುರುತು ಅಷ್ಟೇ ಕಣಮ್ಮ. ಕಾಗದದ ಮೇಲಿನ ಒಂದು ಚುಕ್ಕಿ."

"ಒಂದು ಚುಕ್ಕಿಗೆ ನೀವ್ಯಾಕೆ ಇಷ್ಟು ಹೆದರ್ತೀರಿ?"

ಮ್ಯಾನೇಜರನ ಕುತ್ತಿಗೆ ಕೆಂಪಾಯಿತು. ಕಿಟಕಿಯಿಂದ ಅಂಗಳದ ಸದ್ದು ಬರುತ್ತಿತ್ತು. ಯಾರೋ ಕೆಮ್ಮಿದರು, ಮಗುವೊಂದು ನೀರು ಕೇಳಿತು. ಅವನು ಕೆಂಪು ಸುತ್ತುಗಳ ಕಾಗದವನ್ನು ಕೀಬೋರ್ಡಿನ ಪಕ್ಕ ಚಾಚಿಟ್ಟ. "ಮೊದಲು ಟೈಪ್ ಮಾಡು. ಮೇಲಿಂದ ಶುರು ಮಾಡು."

ಅವಳು ಫೈಲು ತೆರೆದಳು. ಮೇಲಿನಿಂದ ಶುರು ಮಾಡಲಿಲ್ಲ. ಕಂಟ್ರೋಲ್ ಮತ್ತು ಎಂಡ್ ಒತ್ತಿ ಪಟ್ಟಿಯ ಬುಡಕ್ಕೆ ಹೋಗಿ ಅಲ್ಲಿಂದ ಮೇಲಕ್ಕೆ ಹತ್ತಿದಳು. ಸಾವಿರದ ಇನ್ನೂರು, ಸಾವಿರದ ನೂರ ಎಪ್ಪತ್ತು. ಸಾವಿರದ ನಲವತ್ತೆಂಟಕ್ಕೆ ಬಂದು ನಿಂತಳು. ಮೈದುನನ ಹೆಸರಿನಲ್ಲಿ ಅವಳು ಅಂದು ಒಂದು ಅಕ್ಷರವನ್ನೂ ತಪ್ಪಿರಲಿಲ್ಲ. ನಕ್ಷತ್ರವನ್ನು ಅಳಿಸಿದಳು. ಹೆಬ್ಬೆರಳಿನಲ್ಲಿ ಆಲ್ಟ್ ಒತ್ತಿ ಹಿಡಿದು ಸೊನ್ನೆ, ಒಂದು, ಮೂರು, ಐದು ಒತ್ತಿದಳು. ಪರದೆಯ ಮೇಲೆ ಏನೂ ಮೂಡಲಿಲ್ಲ. ಬೆರಳೆತ್ತುವವರೆಗೆ ಮೂಡುವುದೂ ಇಲ್ಲ.

"ಏಯ್, ಅದಲ್ಲ," ಎಂದ ಮ್ಯಾನೇಜರ್. "ಅದು ಬೇಡ ಅಂದೆನಲ್ಲ."

ಅವಳು ಹೆಬ್ಬೆರಳೆತ್ತಿದಳು.

ಉಳಿದ ನಾಲ್ವರದು ಅಲ್ಲಲ್ಲೇ ಹತ್ತಿರದ ಸಾಲುಗಳು. ನಾಲ್ಕು ಸಲ ಅವನು ಬೇಡವೆಂದ, ನಾಲ್ಕು ಸಲ ಅವಳು ಬೆರಳೆತ್ತಿದಳು. ಒಮ್ಮೆ ಅವಳ ಮಣಿಕಟ್ಟನ್ನು ಹಿಡಿಯಲು ಕೈ ಚಾಚಿದ. ಬಾಗಿಲಲ್ಲಿ ಗೇಟಿನಕ್ಕ ನಿಂತಿರುವುದನ್ನು ಕಂಡು ಹಿಂತೆಗೆದುಕೊಂಡ. ಅವಳು ಯಾವಾಗ ಮೇಲೆ ಬಂದಳೋ. ಅವಳ ಹಿಂದೆ ಮೆಟ್ಟಿಲಿನ ಮೇಲೆ ಇನ್ನೂ ಕೆಲವರು, ಅವರ ನಡುವೆ, ಕಾರ್ಖಾನೆಯ ಒಳಗೆ ಮೊದಲ ಸಲ ಕಾಲಿಟ್ಟ ಓರಗಿತ್ತಿ, ಮಗಳ ಕೈ ಹಿಡಿದುಕೊಂಡು.

ಟೈಪಿಸ್ಟ್ ಹದಿನಾರು ಕೆಂಪು ಸುತ್ತುಗಳಿಗೆ ಬಂದಳು. ಕಾಗದ ನೋಡಬೇಕಿರಲಿಲ್ಲ, ನಂಬರುಗಳು ನೆನಪಿದ್ದವು. ಮುನ್ನೂರ ಹನ್ನೆರಡಕ್ಕೆ ಜೋಡಿಕಂಬ ಹಾಕಿದಳು. ಕೊನೆಯದು ಮುಗಿದ ಮೇಲೆ ತಾರೀಖನ್ನು ತಿದ್ದಿ, ಉಳಿಸಿ, ಮುದ್ರಣಕ್ಕೆ ಕೊಟ್ಟಳು. ಯಂತ್ರ ಗೊರಗೊರ ಎನ್ನುತ್ತ ಮೊದಲ ಹಾಳೆಯನ್ನು ಹೊರಕ್ಕೆ ತಳ್ಳಿತು.

ಮ್ಯಾನೇಜರ್ ಯಂತ್ರದ ಮೇಲೆ ಕೈಯಿಟ್ಟು ನಿಂತ. ಅವನ ದನಿ ಈಗ ಬಾಗಿಲಲ್ಲಿದ್ದವರಿಗೂ ಕೇಳುವಷ್ಟು ಸಮಾಧಾನವಾಗಿತ್ತು.

"ಹದಿನಾರೂ ಸರಿಯಾಯ್ತಲ್ಲ. ಸಂತೋಷ. ಈಗ ಆ ಐದನ್ನ ತೆಗೆದು ಇನ್ನೊಂದು ಪ್ರತಿ ಕೊಡು. ಇದನ್ನ ಹರಿದು ಹಾಕ್ತೀನಿ. ಇಲ್ಲಿಗೆ ಮುಗೀತು ಅಂದುಕೊಳ್ಳೋಣ. ನಿನ್ನ ಕೆಲಸಾನೂ ಇರುತ್ತೆ."

ಮೆಟ್ಟಿಲಿನ ಮೇಲೆ ಹಳಬರ ಕಡೆಯವರಲ್ಲಿ ಒಬ್ಬ ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಿಸಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

"ತೆಗೆಯಲ್ಲ," ಎಂದಳು ಟೈಪಿಸ್ಟ್.

"ನೋಡು, ಇನ್ನೊಂದು ಸಲ ಹೇಳ್ತೀನಿ. ತೆಗಿ."

"ಸುಳ್ಳು ಕಾಗದ ಕೊಟ್ಟಿದ್ದು ನಾನೇ. ಯಾರು ಹೇಳಿ ಕೊಡಿಸಿದ್ರು ಅಂತ ಕೇಳಿದ್ರೆ ಹೇಳ್ತೀನಿ, ಕೇಳದೆ ಇದ್ರೂ ಹೇಳ್ತೀನಿ. ಕರ್ಕೊಂಡು ಹೋದ್ರೆ ಹೋಗ್ತೀನಿ. ತೆಗೆಯಲ್ಲ."

"ಹಾಗಾದ್ರೆ ಏಳು ಕುರ್ಚಿಯಿಂದ."

ಅವಳು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಏಳಲ್ಲ ಸರ್."